ಮಲ್ಲಿಗೆ ಎಣ್ಣೆ ಕುಡಿದ ಅಚ್ಚುಗಳು

ಕಳೆದ ವಾರ ಮಗಳು ಅಡುಗೆಮನೆಯಲ್ಲಿ ಸಾಬೂನು ಕರಗಿಸುತ್ತಿದ್ದಳು. ಠಾಣೆ ಶಹರದ ನಮ್ಮ ಹದಿನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿಗಳೆಲ್ಲ ತೆರೆದಿದ್ದರೂ ಆ ಬಿಸಿಬಿಸಿ, ಜಿಡ್ಡು ಬೆರೆತ ಸಿಹಿ ವಾಸನೆ ಹೊರಗೆ ಹೋಗಲೊಲ್ಲದು. ಗೆಳತಿಯರಿಗೆ ದೀಪಾವಳಿಯ ಉಡುಗೊರೆಯಂತೆ. ರಬ್ಬರಿನಂಥ ಮೆತ್ತನೆಯ ಅಚ್ಚಿನಲ್ಲಿ ಗುಲಾಬಿಗಳು. "ಮಮ್ಮಾ, ವಾಸ್ ಕಸಾ ಆಹೆ?" ಎಂದು ವಾಸನೆ ನೋಡಲು ಚಮಚವನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಛಲೋ ಅದ ಎಂದೆ. ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಎಲ್ಲರೂ ಆಹಾ ಎನ್ನುವಾಗ ನಿಮ್ಮೊಬ್ಬರನ್ನೇ ಹೆದರಿಸುವಂಥದ್ದು.

ಆಗ ನನಗೆ ಒಂಬತ್ತು ವರ್ಷ. ಕಲ್ಯಾಣದ ಚಾಳೊಂದರ ಸಾಲುಮನೆಗಳಲ್ಲಿ ಎರಡು ಖೋಲಿಯ ಮನೆ. ಅಪ್ಪ, ಅವ್ವ, ಅಜ್ಜಿ, ಅಪ್ಪನ ತಮ್ಮ ಕಾಕಾ, ತಂಗಿ ಕುಸುಮತ್ತೆ ಮತ್ತು ನಾನು. ನಮ್ಮ ಕಾನ್ವೆಂಟಿನಲ್ಲಿ ದೀಪಾವಳಿ ರಜೆಗೆ ಮುಂಚೆ ಮಾರಾಟದ ಮೇಳ. ಕೊಂಡುತಂದದ್ದು ನಡೆಯದು, ಕೈಯಾರೆ ಮಾಡಿದ್ದೇ ಬೇಕು ಎಂದು ಸಿಸ್ಟರ್ ಹೇಳಿದ್ದರು. ಖರ್ಚು ಮಾಡುವ ಮನೆ ನಮ್ಮದಾಗಿರಲಿಲ್ಲ. ಕುಸುಮತ್ತೆ ಬಚ್ಚಲ ಮೋರಿಯ ಕಟ್ಟೆಯ ಮೇಲಿನ ಡಬ್ಬಿ ತೋರಿಸಿದಳು: ಆರು ಜನ ತಿಂಗಳುಗಟ್ಟಲೆ ತಿಕ್ಕಿ ಸವೆಸಿದ ಸಾಬೂನಿನ ಚೂರುಗಳು, ಉಗುರಿನಷ್ಟು ತೆಳ್ಳಗೆ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಅವನ್ನು ತುರಿದು, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದೆವು. ಚಿಟಿಕೆ ಅರಿಶಿನ ಹಾಕಿದಾಗ ಅದು ಹಳದಿಯಾಗದೆ ಕೆಂಪಗಾದದ್ದನ್ನು ಕಂಡು ನಾನು ಚಪ್ಪಾಳೆ ತಟ್ಟಿದೆ. ಆದರೆ ಬಟ್ಟಲಲ್ಲಿ ಹಾಕಿದರೆ ಬಟ್ಟಲಿನಂತೆ, ಡಬ್ಬಿಯಲ್ಲಿ ಹಾಕಿದರೆ ಡಬ್ಬಿಯಂತೆ. ಚೆಂದ ಎಲ್ಲಿಂದ ಬರಬೇಕು? ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಸ್ಟೂಲು ಹತ್ತಿ, ಅಟ್ಟದಿಂದ ಕೆಂಪು ವಸ್ತ್ರದ ಗಂಟು ಇಳಿಸಿದಳು.

ಅದರಲ್ಲಿದ್ದವು ಅಜ್ಜಿಯ ಸಕ್ಕರೆ ಆರತಿಯ ಅಚ್ಚುಗಳು. ತೇಗದ ಕಟ್ಟಿಗೆಯವು, ಬೈಲಹೊಂಗಲದ ತವರಿನಿಂದ ಬಂದವು: ಆನೆ, ನವಿಲು, ತುಳಸಿ ವೃಂದಾವನ. ನಮ್ಮ ಕಡೆ ಗೌರಿ ಹುಣ್ಣಿಮೆಗೆ, ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸಕ್ಕರೆಯ ಗೊಂಬೆಗಳನ್ನು ಮಾಡಿ ಒಯ್ದು ಆರತಿ ಎತ್ತಿಬರಬೇಕು. ವರ್ಷದಲ್ಲಿ ಆ ಒಂದು ದಿನ ಬಿಟ್ಟರೆ ಅಚ್ಚುಗಳನ್ನು ಮುಟ್ಟುವಂತಿಲ್ಲ. ಅಜ್ಜಿ ಗುಡಿಗೆ ಹೋದ ಆ ಒಂದು ತಾಸಿನಲ್ಲಿ ನಾವು ಮುಟ್ಟಿದೆವು. ಸಾಬೂನು ಅಂಟಬಾರದೆಂದು ಅತ್ತೆ ತನ್ನ ಮಲ್ಲಿಗೆ ವಾಸನೆಯ ತಲೆ ಎಣ್ಣೆಯನ್ನು ಒಳಗೆಲ್ಲ ಸವರಿದಳು. ಸೊಂಡಿಲೆತ್ತಿದ ಕೆಂಪು ಆನೆಗಳು ಹೊರಬಂದವು. ಮೇಳದಲ್ಲಿ ಒಂದೂ ಉಳಿಯಲಿಲ್ಲ. ಸಿಸ್ಟರ್ ನನ್ನ ಕೆನ್ನೆ ತಟ್ಟಿದರು. ಅಚ್ಚುಗಳನ್ನು ಅಜ್ಜಿ ಗುಡಿಯಿಂದ ಬರುವ ಮೊದಲೇ ತೊಳೆದು ಗಂಟು ಕಟ್ಟಿ ಇದ್ದಲ್ಲೇ ಇಟ್ಟಿದ್ದೆವು.

ದೀಪಾವಳಿಯಲ್ಲಿ ಕಾಕಾನ ಸಂಬಂಧ ಗೊತ್ತಾಯಿತು. ಹುಡುಗಿ ಡೊಂಬಿವಲಿಯ ಸುಧಾ. ಹಿಂದಿನ ವರ್ಷ ಒಂದು ಸಂಬಂಧ, ನಾವು ಒಯ್ದ ಸೀರೆಯ ಸೆರಗಿಗೆ ಕಲೆ ಇತ್ತೆಂಬ ಮಾತಿಗೇ ಮುರಿದುಬಿದ್ದಿತ್ತು. ಆಮೇಲೆ ಕಾಕಾ ಎಷ್ಟೋ ದಿನ ಯಾರೊಡನೆಯೂ ಮಾತಾಡಿರಲಿಲ್ಲ. "ಈ ಸಲ ಒಂದ ಕೂದಲೆಳಿ ಹೆಚ್ಚುಕಮ್ಮಿ ಆಗಬಾರದು ನೋಡ್ರಿ," ಎಂದು ಅಜ್ಜಿ ಎಲ್ಲರಿಗೂ ಹೇಳಿದಳು. ಗೌರಿ ಹುಣ್ಣಿಮೆಯ ಬೆಳಿಗ್ಗೆ ಅಚ್ಚುಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದಳು.

ಮೊದಲು ನೋಡಿದವಳು ನಾನೇ. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳ್ಳನೆಯ ಪೊರೆ ಅಲುಗಾಡುತ್ತಿತ್ತು. ಅತ್ತೆಯ ಸೆರಗು ಜಗ್ಗಿದೆ. ಅವಳು ಗಡಬಡಿಸಿ ನೀರು ಬದಲಿಸಿ, "ಬಾಯಿ ಮುಚ್ಚು. ಸಕ್ಕರಿಗೆ ಏನೂ ಆಗೂದಿಲ್ಲ," ಎಂದಳು. ಆದರೆ ಅಜ್ಜಿ ಸುಡುವ ಪಾಕವನ್ನು ಅಚ್ಚಿಗೆ ಸುರಿದೊಡನೆ ಕಟ್ಟಿಗೆ ತಾನು ಕುಡಿದದ್ದನ್ನೆಲ್ಲ ಉಸಿರಿನಂತೆ ಹೊರಗೆ ಬಿಟ್ಟಿತು. ನಶ್ಯ ಏರಿಸಿ ಏರಿಸಿ ಅಜ್ಜಿಯ ಮೂಗು ಎಂದೋ ಸತ್ತಿತ್ತು. ಅವ್ವ ಪಕ್ಕದಲ್ಲೇ ಸುಧಾಳ ಮುಡಿಗೆಂದು ಮಲ್ಲಿಗೆ ದಂಡೆ ಕಟ್ಟುತ್ತಿದ್ದಳು, ಹೂವಿನದೇ ಘಮವೆಂದುಕೊಂಡಳು. ಬೆಳ್ಳಗಿನ ಆನೆ ನವಿಲುಗಳು ತಟ್ಟೆಯಲ್ಲಿ ಸಾಲಾಗಿ ನಿಂತವು. ಕಾಲು ಮುರಿದ ಒಂದು ನವಿಲನ್ನು ಅಜ್ಜಿ ಮನೆಯ ದೇವರಿಗೆಂದು ಬೇರೆ ಎತ್ತಿಟ್ಟಳು. ಹೊರಡುವ ಹೊತ್ತಿಗೆ ಅತ್ತೆಗೆ ಹೊಟ್ಟೆನೋವು ಬಂತು.

ಸಂಜೆಯ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಅಜ್ಜಿ ತಟ್ಟೆಯನ್ನು ಮಡಿಲಲ್ಲಿ ಹಿಡಿದು ಕೂತಳು. ಯಾರಾದರೂ ದೂಡಲಿ, ತಟ್ಟೆ ಬೀಳಲಿ ಎಂದು ನಾನು ಬೇಡಿಕೊಂಡೆ. "ಬಾಯೀ, ಸಂಭಾಳಾ," ಎಂದು ಎಚ್ಚರಿಸುತ್ತ ಹೆಂಗಸರು ಸರಿದು ಸರಿದು ಜಾಗ ಬಿಟ್ಟರು. ಠಾಕುರ್ಲಿ ಬಂತು, ಡೊಂಬಿವಲಿ ಬಂತು.

ಸುಧಾಳಿಗೆ ದಂಡೆ ಮುಡಿಸಿ ಆರತಿ ಎತ್ತಿದರು. ಅವಳ ತಾಯಿ ಆನೆಯ ಸೊಂಡಿಲು ಮುರಿದು ಮಗಳ ಬಾಯಿಗಿಟ್ಟರು. ಒಮ್ಮೆ ಅಗಿದ ಸುಧಾಳ ದವಡೆ ಅಲ್ಲೇ ನಿಂತಿತು. ಕಣ್ಣು ಮೇಲೆತ್ತಿ ಅಜ್ಜಿಯನ್ನು, ಅವ್ವನನ್ನು ನೋಡಿದಳು. ಕೊನೆಗೆ ನನ್ನನ್ನು. ನಾನು ಫ್ರಾಕಿನ ಅಂಚನ್ನು ಕಚ್ಚಿಕೊಂಡು ನಿಂತಿದ್ದೆ. ಅವಳು ಕಣ್ಣು ಮುಚ್ಚಿ ನುಂಗಿದಳು. ಅವಳ ತಾಯಿ ಆಗಲೇ ಇನ್ನೊಂದು ಚೂರು ಮುರಿದು ಬಾಯಿಯ ತನಕ ಒಯ್ದಿದ್ದರು.

"ಆಯೀ, ಥಾಂಬ!" ಸುಧಾ ತಾಯಿಯ ಕೈ ಹಿಡಿದು ತಡೆದಳು. "ದೇವರ ಮುಂದ ಇಡಲಾರದs ತಿಂತೀಯೇನು?"

"ಅಗದೀ ಶಾಣ್ಯಾಕಿ ಆಗೀ ಈಗಿಂದನ," ಎಂದು ತಾಯಿ ಗೊಣಗಿದರು. ಎಲ್ಲರೂ ನಕ್ಕರು. ಸುಧಾ ತಟ್ಟೆಯನ್ನು ಎತ್ತಿಕೊಂಡು ಒಳಗೆ ನಡೆದಳು, ನಡೆಯುತ್ತ ನನ್ನ ಕೈಯನ್ನೂ ಹಿಡಿದುಕೊಂಡಳು.

ಅಡುಗೆಮನೆಯಲ್ಲಿ ಬಾಯಿ ಮುಕ್ಕಳಿಸಿ ಕೇಳಿದಳು: "ಖರೆ ಹೇಳು ಪೋರಿ, ಏನದು?"

"ಸಾಬಾಣ. ಅಚ್ಚಿನ್ಯಾಗ ಮಾಡಿದ್ವಿ. ನಾನು ಮತ್ತ ಅತ್ತಿ. ಅಜ್ಜಿಗೆ ಗೊತ್ತಿಲ್ಲ."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮ್ಮ ಕಾಕಾ ಜಗಳಾ ಆಡಿದ್ರ ಇದನ್ನs ತಿನಸ್ತೀನಿ ಅವ್ರಿಗೆ," ಎಂದು ತಟ್ಟೆಯನ್ನು ಮೇಲಿನ ಫಳಿಯ ಮೇಲೆ ಸರಿಸಿ ಮುಚ್ಚಿಟ್ಟು, ಹೊರಗಿನವರಿಗೆ ದೀಪಾವಳಿಯ ಶಂಕರಪಾಳೆ ಒಯ್ದಳು.

ಮನೆಗೆ ಬಂದ ಮೇಲೆ ಅಜ್ಜಿ ದೇವರಿಗೆ ಕೈಮುಗಿದು, ಎತ್ತಿಟ್ಟಿದ್ದ ನವಿಲನ್ನು ಬಾಯಿಗೆ ಹಾಕಿಕೊಂಡಳು. ತಡೆಯಲು ನನಗೆ ಹೊಳೆಯಲೇ ಇಲ್ಲ. ಅಗಿಯುವುದು ನಿಂತಿತು. ಅವಳು ಚಾದರ ಹೊದ್ದು ಮಲಗಿದ್ದ ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಉಗುಳಲಿಲ್ಲ, ಪ್ರಸಾದವಲ್ಲವೇ. ಪೂರ್ತಿ ಅಗಿದು, ನೀರು ಕುಡಿದಳು.

"ಸುಧಾ ತಿಂದದ್ದೂ ಹಿಂಗs ಇತ್ತೇನು?"

"ಹ್ಞೂಂ."

"ನುಂಗಿದಳು?"

"ಹ್ಞೂಂ."

ಅಜ್ಜಿ ನೀರಿನ ಲೋಟವನ್ನು ಬೋರಲು ಹಾಕಿದಳು. ಆಮೇಲೆ ಅಂದಳು: "ಹಂಗಾರ ಈ ಹುಡುಗಿ ನಮ್ಮ ಮನಿ ನಡಸ್ತಾಳ ಬಿಡು."

ಮದುವೆಯಾಗಿ ಬಂದು ನನಗೆ ಸುಧಾ ಕಾಕು ಆದಳು, ಮನೆಯನ್ನು ನಡೆಸಿದಳು. ಅಜ್ಜಿಯ ಕೊನೆಯ ದಿನಗಳಲ್ಲಿ ಬಾಯಿಗೆ ಚಮಚದಿಂದ ಗಂಜಿ ಹಾಕಿದ್ದೂ ಅವಳೇ. ಆ ಸಂಜೆಯ ಮಾತನ್ನು ಇಬ್ಬರೂ ಎಂದೂ ತೆಗೆಯಲಿಲ್ಲ, ನಾನೂ ತಪ್ಪೊಪ್ಪಿಕೊಳ್ಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತಲೇ ಅಜ್ಜಿ ಹೋದಳು. ಚಾಳು ಕೆಡವಿದರು. ಹೋದ ಮಳೆಗಾಲದಲ್ಲಿ ಸುಧಾ ಕಾಕುವೂ ಹೋದಳು. ಆ ಸಕ್ಕರೆಯನ್ನು ತಿಂದವರು ಅವರಿಬ್ಬರೇ. ಅದು ಎಷ್ಟು ಕಹಿಯಿತ್ತೆಂದು ಕೇಳಲು ಈಗ ಯಾರೂ ಇಲ್ಲ. ನಾನಂತೂ ಒಂದು ಚೂರನ್ನೂ ಬಾಯಿಗಿಟ್ಟಿರಲಿಲ್ಲ.