ಸೋಮವಾರ ಎತ್ತಿಗೆ ಮಾತ್ರ ರಜೆ

ಹೋದ ಸೋಮವಾರ ಸಂಜೆ ಹಳೇಬೀಡಿನಿಂದ ಬಂದು ಅರಸೀಕೆರೆಯಲ್ಲಿ ಬಸ್ಸಿಳಿದಾಗ ಭಾರಿ ಖುಷಿಯಲ್ಲಿದ್ದೆ. ಹೊತ್ತುಕೊಂಡು ಹೋಗಿದ್ದ ಜೇನುತುಪ್ಪದ ಬಾಟಲಿಗಳೆಲ್ಲ ಖರ್ಚಾಗಿದ್ದವು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ತೋಟಕ್ಕೆ ಹೋಗಿ ನೋಡಿ. ನಾನೇನೂ ಹೇಳಲ್ಲ" ಎಂದಳು. (ಮದುವೆಯಾದ ಮೇಲೆ ಅವಳು ಹೀಗೆಂದದ್ದು ಇದೇ ಮೊದಲು.)

ತೋಟ ನನ್ನದಲ್ಲ, ಊರಾಚೆಯ ಶಿವಣ್ಣನವರದು. ಅವರ ತೆಂಗಿನ ಸಾಲುಗಳ ನಡುವೆ ನಮ್ಮ ಎಂಟು ಜೇನುಪೆಟ್ಟಿಗೆಗಳಿದ್ದವು. ಕೆಲವು ವರ್ಷಗಳ ಹಿಂದೆ ರೋಗ ಬಂದು ಇದ್ದಬದ್ದ ಜೇನೆಲ್ಲ ಸತ್ತಾಗ, ಅರೇಹಳ್ಳಿ ಕಡೆಯಿಂದ ಒಂದೇ ಒಂದು ಜೇನುಕುಟುಂಬ ತಂದು, ಪಾಲು ಮಾಡಿ ಮಾಡಿ ಎಂಟಾಗಿಸಿದ್ದೆವು. ಮಳೆಗಾಲದಲ್ಲಿ ನಾವು ಸಪ್ಪೆ ಕಾಫಿ ಕುಡಿದು ಅವಕ್ಕೆ ಸಕ್ಕರೆ ಪಾಕ ಇಟ್ಟಿದ್ದೇವೆ. ನಮ್ಮ ವ್ಯಾಪಾರ ಅಂದರೂ ಅದೇ, ಸಂಸಾರ ಅಂದರೂ ಅದೇ.

ಹೋಗಿ ನೋಡಿದೆ. ಪೆಟ್ಟಿಗೆಗಳ ಮುಂದೆ ಹುಳಗಳು ರಾಶಿ ಬಿದ್ದಿದ್ದವು. ಕೆಲವು ಅಂಗಾತ ಬಿದ್ದು ಇನ್ನೂ ಗಿರಗಿರ ಸುತ್ತುತ್ತಿದ್ದವು. ಕಾಲಿಗೆ ಮೆತ್ತಿಕೊಂಡ ಪರಾಗ ಹಾಗೇ ಇತ್ತು. ಅಲ್ಲೇ ಕೂತು ಅತ್ತೆ. ನಾಚಿಕೆಯೇನು, ಅತ್ತೆ.

ಆಗಿದ್ದಿಷ್ಟು. ತೆಂಗಿಗೆ ನುಸಿ ಬಿದ್ದು ನಮ್ಮ ಕಡೆ ಎಲ್ಲರ ಕಾಯಿಯೂ ಮುರುಟಿದೆ. ಶಿವಣ್ಣನವರು ಔಷಧಿ ಹೊಡೆಸಿದ್ದಾರೆ. (ವಿಷಕ್ಕೆ ನಾವು ಔಷಧಿ ಅನ್ನುತ್ತೇವೆ, ಗೊತ್ತಲ್ಲ?) ಹೊಡೆಸಲಿ. ಅವರ ಮರ, ಅವರ ಹೊಟ್ಟೆಪಾಡು. ನಾನು ಕೇಳಿಕೊಂಡಿದ್ದು ಒಂದೇ. ಹಿಂದಿನ ದಿನ ಒಂದು ಮಾತು ಹೇಳಿ, ಕತ್ತಲಾದ ಮೇಲೆ ಪೆಟ್ಟಿಗೆಗಳನ್ನು ಬೇರೆ ಕಡೆ ಸಾಗಿಸುತ್ತೇನೆ ಎಂದು. "ಅದಕ್ಕೇನ್ ಸಾರ್, ಹೇಳ್ತೀನಿ" ಎಂದಿದ್ದರು.

ಆದರೂ ಮನಸ್ಸು ತಡೆಯದೆ ದಿನಾ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಿದ್ದೆ. ಸೋಮವಾರ ಒಂದು ಬಿಟ್ಟು. ಯಾಕೆ? ಸೋಮವಾರ ಅವರ ಮನೆಯಲ್ಲಿ ಬಸವಣ್ಣನಿಗೆ ಬಿಡುವು. ಅಜ್ಜನ ಕಾಲದಿಂದಲೂ ಆ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಕೆಲಸವೇ ಇಲ್ಲದ ದಿನ ನನ್ನ ಜೇನಿಗೇನು ಭಯ? ಹಾಗೆಂದೇ ಬೇಲೂರು, ಹಳೇಬೀಡಿನ ಅಂಗಡಿಗಳಿಗೆ ಬಾಟಲಿ ಕೊಟ್ಟು ಬರುವುದನ್ನು ಸೋಮವಾರಕ್ಕೇ ಇಟ್ಟುಕೊಂಡಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಮಾರನೆಯ ದಿನ ಅವರ ಮನೆಗೇ ಹೋದೆ. ಕೊಟ್ಟಿಗೆಯ ಮುಂದೆ ಎತ್ತಿನ ಕತ್ತು ತುರಿಸುತ್ತ ನಿಂತಿದ್ದರು.

"ಸೋಮವಾರ ಕೆಲಸ ಇಲ್ಲ ಅಂತಿದ್ರಲ್ಲ ಶಿವಣ್ಣೋರೆ?"

"ನಾನೆಲ್ ಎತ್ತು ಕಟ್ದೆ ಸಾರ್? ಔಷಧಿ ಹೊಡ್ದಿದ್ದು ಮಿಷನ್ನು ತಾನೇ? ಆಳುಗಳೂ ಸೋಮವಾರನೇ ಬಿಡುವಾಗಿ ಸಿಕ್ಕೋದು."

"ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಣ ಅಂತಿದ್ದೆ, ಗ್ಯಾನ ತಪ್ಪೋಯ್ತು. ಹುಳ ತಾನೇ ಬಿಡಿ ಸಾರ್. ಇನ್ನೊಂದಷ್ಟು ಹಿಡ್ಕಂಡ್ ಬಂದ್ರಾಯ್ತು."

ಎತ್ತು ಸುಖವಾಗಿ ಕಣ್ಣು ಮುಚ್ಚಿತ್ತು. ಶಿವಣ್ಣನವರು ಕಟುಕರಲ್ಲ, ನನ್ನ ಸಂಕಟವೇ ಅದು. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ಹಿರಿಯರು ಎಷ್ಟು ಚೆನ್ನಾಗಿ ಯೋಚಿಸಿದ್ದರು! ಮೊಮ್ಮಕ್ಕಳಿಗೆ ನೆನಪಿರುವುದು ಸೋಮವಾರ ಮಾತ್ರ. ಹೊಂಬಾಳೆಯಿಂದ ಹೊಂಬಾಳೆಗೆ ಪುಕ್ಕಟೆ ದುಡಿದು ಕಾಯಿ ಕಟ್ಟಿಸುವ ಜೇನು ಯಾರ ಲೆಕ್ಕಕ್ಕೂ ಇಲ್ಲ. ಇಷ್ಟು ದಿನ ಎಷ್ಟು ಜನಕ್ಕೆ ಹೇಳಿದ್ದೇನೆ! "ನಿಮ್ ಹುಳ ನಮ್ಮ ಮರದ ಸಾರಾನೇ ಹೀರ್ತವೆ" ಅನ್ನುವವರೇ ಹೆಚ್ಚು. ಜಾಗ ಕೊಟ್ಟವರು ಶಿವಣ್ಣನವರೊಬ್ಬರೇ. ಹಾಗಾಗಿ ಜಗಳವಾಡಲೂ ಬಾಯಿ ಬರಲಿಲ್ಲ.

ಎಂಟಕ್ಕೆ ಎಂಟೂ ಹೋದವು. ಖಾಲಿ ಪೆಟ್ಟಿಗೆಗಳನ್ನು ತಂದು ಹಿತ್ತಲಲ್ಲಿ ಪೇರಿಸಿದ್ದೇವೆ. ಹೆಂಡತಿ ಆ ಕಡೆಯ ಬಾಗಿಲು ತೆಗೆಯುತ್ತಿಲ್ಲ.

ನಿನ್ನೆ ಶಿವಣ್ಣನವರು ಮನೆಗೆ ಬಂದರು. ಬೇಜಾರು ಹೇಳಿಕೊಳ್ಳಲು ಬಂದರೇನೋ ಎಂದು ಕುರ್ಚಿ ಹಾಕಿದೆ. ಮೊಮ್ಮಗನಿಗೆ ಕೆಮ್ಮಂತೆ, ಒಂದು ಬಾಟಲಿ ಜೇನುತುಪ್ಪ ಬೇಕಂತೆ. ಹೆಂಡತಿ ಒಳಗಿನಿಂದ ತಂದುಕೊಟ್ಟಳು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಇದು ಔಷಧಿ ಹೊಡೆಯೋಕ್ ಮುಂಚೆ ತೆಗ್ದಿದ್ ತಾನೇ ಸಾರ್? ಮಗು ತಿನ್ನೋದು, ಅದಕ್ಕೆ ಕೇಳ್ದೆ."

ಹಾಗಾದರೆ ಅವರಿಗೆ ಎಲ್ಲ ಗೊತ್ತಿತ್ತು, ಅಲ್ಲವೇ?