ಬೆಳಕಿಂಡಿಯ ಕೆಳಗಿನ ಮಗ್ಗ

ಅಪ್ಪನ ಎಡಮೊಣಕಾಲಿನ ಪಕ್ಕದಲ್ಲಿ ಮುಲಾಮಿನ ಡಬ್ಬಿಯ ಮುಚ್ಚಳವೊಂದು ಯಾವಾಗಲೂ ಇರುತ್ತಿತ್ತು. ಅದರಲ್ಲಿ ಸೋಸಿದ ಒಲೆಯ ಬೂದಿ. ಮಗ್ಗದ ಮೇಲೆ ಎಳೆ ಹರಿದಾಗ ಅಪ್ಪ ಹೆಬ್ಬೆರಳನ್ನು ಬೂದಿಗೆ ತಾಗಿಸಿ, ಹರಿದ ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಸೆಯುತ್ತಿದ್ದ. ಬೂದಿ ಇಲ್ಲದಿದ್ದರೆ ಬೆವರಿದ ಬೆರಳಲ್ಲಿ ಎಳೆ ಜಾರುತ್ತದೆ. ಆ ಬೇಸಿಗೆಯಲ್ಲಿ ಮುಚ್ಚಳ ದಿನವೂ ಖಾಲಿಯಾಗುತ್ತಿತ್ತು. ಸಂಜೆ ಅವ್ವ ಅದನ್ನು ಮತ್ತೆ ತುಂಬಿಸಿಡುವುದನ್ನು ನಾನು ನೋಡಿಯೂ ನೋಡದಂತಿರುತ್ತಿದ್ದೆ. ಎಳೆ ಹರಿದಷ್ಟೂ ನಾವು ಮನೆ ಬಿಡುವ ದಿನ ಮುಂದೆ ಹೋಗುತ್ತಿತ್ತು.

ಬನಹಟ್ಟಿಯ ಆ ಮನೆ ನಮ್ಮದಲ್ಲ. ಅಜ್ಜನ ಕಾಲದಿಂದ ಬಾಡಿಗೆಗೆ ಇದ್ದೆವು. ಮಣ್ಣಿನ ಮಾಳಿಗೆ, ನಡುವಿನ ಕೋಣೆಯ ನೆತ್ತಿಗೊಂದು ಬೆಳಕಿಂಡಿ, ಅದರ ನೇರ ಕೆಳಗೆ ತಗ್ಗಿನ ಮಗ್ಗ. ಅಪ್ಪ ತಗ್ಗಿನೊಳಗೆ ಕಾಲು ಇಳಿಬಿಟ್ಟು ನೆಲಮಟ್ಟದಲ್ಲಿ ಕೂತು ನೇಯುತ್ತಿದ್ದ. ಮನೆಯ ಮಾಲೀಕರ ಮಕ್ಕಳು ಹಿಸ್ಸೆ ಮಾಡಿಕೊಂಡ ಮೇಲೆ, ಅದನ್ನು ಕೆಡವಿ ಪವರ್‌ಲೂಮ್ ಶೆಡ್ ಹಾಕುವುದೆಂದು ನಿಶ್ಚಯಿಸಿದರು. ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಖಾಲಿ ಮಾಡಿಕೊಡಿ ಎಂದರು. ಜಗಳವೇನೂ ಇರಲಿಲ್ಲ. ನನಗೆ ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿತ್ತು, ಅಲ್ಲೇ ಒಂದು ಮನೆ ಹಿಡಿದೆವು.

ತಡೆದದ್ದು ಮಗ್ಗದ ಮೇಲಿದ್ದ ಹಾಸು. ಹಾಸು ಎಂದರೆ ಸೀರೆಯ ಉದ್ದಕ್ಕೆ ಬಿಗಿದು ಹಾಕಿದ ಎಳೆಗಳು. ಒಂದು ಹಾಸಿನಲ್ಲಿ ಹಲವು ಸೀರೆ. ಇದನ್ನು ಕೊಟ್ಟಿದ್ದ ಸಾವಕಾರರಿಗೆ ಉಳಿದೆಲ್ಲ ಸೀರೆಗಳನ್ನು ಮುಟ್ಟಿಸಿಯಾಗಿತ್ತು, ಕೊನೆಯದೊಂದು ಬಾಕಿ. ಹಾಸನ್ನು ಅರ್ಧಕ್ಕೆ ಕತ್ತರಿಸಿ ಮರಳಿಸುವುದು ನಮ್ಮ ಓಣಿಯಲ್ಲಿ ಸಾವು ಬಂದ ಮನೆಯವರು ಮಾತ್ರ ಮಾಡುವ ಕೆಲಸ. ಅಪ್ಪ ಒಮ್ಮೆಯೂ ಮಾಡಿರಲಿಲ್ಲ.

“ಹಾಸ ಇಳದ ಮ್ಯಾಲ ಮನಿ ಇಳಿಯೂಣು” ಎಂದುಬಿಟ್ಟಿದ್ದ.

ಬಿಸಿಲಿಗೆ ಎಳೆಗಳು ಒಣಗಿ ಹುಲ್ಲಿನಂತಾಗುತ್ತಿದ್ದವು. ಅವ್ವ ತಗ್ಗಿನ ಸುತ್ತ ನೀರು ಚಿಮುಕಿಸಿದರೆ ಅದು ಅವಳು ಕೊಡ ಕೆಳಗಿಡುವುದರೊಳಗೆ ಆರುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಬಡಗಣಕ್ಕೆ, ಹೊಳೆಯ ಕಡೆಗೆ, ಮೋಡ ಕಟ್ಟುತ್ತಿತ್ತು. ಗಾಳಿ ಧೂಳೆಬ್ಬಿಸಿಕೊಂಡು ಬರುತ್ತಿತ್ತು, ಕರೆಂಟು ಹೋಗುತ್ತಿತ್ತು. ಒಂದೊಂದು ದಿನ ಅಡ್ಡಮಳೆ ಹೊಡೆಯುತ್ತಿತ್ತು, ಒಂದೊಂದು ದಿನ ಗುಡುಗು ಮಾತ್ರ. ನಾನು ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ. ನಮ್ಮೂರಿಗೆ ‘ಬಿಸಿಲು’ ಎಂದು ತೋರಿಸುವ ಹೊತ್ತಿಗೇ ಅಂಗಳದ ಬಕೆಟ್ಟು ಉರುಳಿಕೊಂಡು ಹೋಗುತ್ತಿರುತ್ತಿತ್ತು.

ಯೋಜನೆ ಹಾಕಿದವಳು ನಾನು. ಟೆಂಪೋದಲ್ಲಿ ಎರಡು ಖೇಪು. ಮೊದಲ ಖೇಪಿನಲ್ಲಿ ಗಾದಿ, ಕಪಾಟು, ಪುಸ್ತಕ, ದೊಡ್ಡ ಪಾತ್ರೆ. ಎರಡನೆಯದರಲ್ಲಿ ನಾವು, ಒಲೆ, ದೇವರು. ಮಗ್ಗ ಯಾವ ಖೇಪಿನಲ್ಲಿ ಎಂದು ನಾನು ಕೇಳಲಿಲ್ಲ. ಹೊಸ ಮನೆಯ ನೆಲಕ್ಕೆಲ್ಲ ಫರಸಿ ಕಲ್ಲು ಹಾಸಿತ್ತು, ತಗ್ಗು ತೋಡುವಂತಿರಲಿಲ್ಲ. ಹಿತ್ತಲಿನಲ್ಲಿ, ಹಿಂದೆ ಎಮ್ಮೆ ಕಟ್ಟುತ್ತಿದ್ದ ತಗಡಿನ ಪತ್ರಾಸು ಹೊದಿಸಿದ ಕೊಟ್ಟಿಗೆ ಮಾತ್ರ ಮಣ್ಣಿನ ನೆಲದ್ದು. ಆದರೆ ಪಕ್ಕದಲ್ಲೇ ಇರುವ ಮನೆಯೊಡತಿ ಮೊದಲ ದಿನವೇ ಬೆರಳೆತ್ತಿ ಹೇಳಿದ್ದಳು: “ನೋಡವಾ, ಗ್ವಾಡಿಗೆ ಒಂದ ಮೊಳಿ ಹೊಡ್ಯೂದಿದ್ರೂ ನನ್ನ ಕೇಳಿ ಹೊಡೀಬೇಕು. ಮೊದಲಿದ್ದವ್ರು ಗ್ವಾಡಿನ ಜರಡಿ ಮಾಡಿ ಹೋಗ್ಯಾರ.” ನಾನು ಆಗಲಿ ಎಂದು ತಲೆಯಾಡಿಸಿದ್ದೆ. ಯಾರನ್ನಾದರೂ ಏನನ್ನಾದರೂ ಕೇಳುವುದಕ್ಕಿಂತ ತಲೆಯಾಡಿಸುವುದು ನನಗೆ ಸುಲಭ.

ಮಗ್ಗದ ಮಾತು ಅಪ್ಪನೇ ಒಮ್ಮೆ ಎತ್ತಿದ, ಅದೂ ಊಟಕ್ಕೆ ಕೂತಾಗ, ತಾಟು ನೋಡುತ್ತಾ.

“ಕಟ್ಟಿಗಿ ಬಿಚ್ಚಿ ಕಟ್ಟಿದ್ರಾತು. ಅದೇನ ಆನಿ ಅಲ್ಲ.”

“ಕಟ್ಟಿ ಎಲ್ಲಿಡ್ತೀರಿ?” ಅವ್ವ ಕೇಳಿದಳು.

“ಅಟ್ಟದ ಮ್ಯಾಲ.”

“ಆ ಮನಿಗೆ ಅಟ್ಟ ಎಲ್ಲೈತ್ರಿ?”

ಅಪ್ಪ ರೊಟ್ಟಿ ಮುರಿದ.

ಮೊದಲ ಖೇಪಿನ ದಿನ ಬೆಳಗ್ಗೆ ಬರಬೇಕಿದ್ದ ಟೆಂಪೋ ಬಂದದ್ದು ಮಧ್ಯಾಹ್ನ. ಡ್ರೈವರ್ ಇಳಿಯುತ್ತಲೇ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಏನ್ ಮಾಡೂದ್ರಿ ಅಕ್ಕಾರ, ಸಾವಳಗಿ ಕಡೆ ನಿನ್ನಿ ಗಾಳಿಗೆ ಗಿಡಾ ಬಿದ್ದ, ರೋಡ್ ಬಂದ್ ಆಗಿತ್ರಿ. ನಾ ಒಬ್ಬಾಂವ ಅಲ್ಲ, ಬಸ್ಸೂ ನಿಂತಿದ್ವು.” ಆಕಾಶ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಅದನ್ನೂ ಗಡಿಯಾರವನ್ನೂ ನೋಡುತ್ತಾ ಡಬ್ಬಗಳನ್ನು ಹೊರಗೆ ಸಾಗಿಸಿದೆ. ಎಲ್ಲ ಏರಿಸಿಯಾದ ಮೇಲೆ ಅವ್ವ ಗಾದಿಗಳನ್ನು ಮುಟ್ಟಿ ನೋಡಿದಳು.

“ಮ್ಯಾಲ ಹೊಚ್ಚಾಕ ಏನ ತಂದೀಯೋ ತಮ್ಮಾ?”

“ನೀವ ಕೊಡ್ತೀರಿ ಅಂತ ತಿಳದಿದ್ನ್ರಿ ನಾ.”

“ಛಲೋ ತಿಳದಿ ಬಿಡು. ಗಾದಿ ತೊಯ್ದು ಹೋದ್ರ ನಿನ್ನ ಮನ್ಯಾಗ ಮಲಗಸ್ತೀಯೇನ ನಮ್ಮನ್ನ?”

ಅವ್ವ ಒಳಗೆ ಹೋಗಿ ನೀಲಿ ತಾಡಪತ್ರಿ ಎಳೆದುಕೊಂಡು ಬಂದಳು. ನಾನೇ ಅದರ ಒಂದು ಮೂಲೆ ಹಿಡಿದು ಹಗ್ಗ ಬಿಗಿದೆ. ಅಪ್ಪ ಒಳಗೆ ನೇಯುತ್ತಿದ್ದ, ಲಾಳಿಯ ಸಪ್ಪಳ ಅಂಗಳಕ್ಕೆ ಕೇಳುತ್ತಿತ್ತು. ಟೆಂಪೋ ಓಣಿ ದಾಟಿ ಹೋಯಿತು. ಬೆಳಕಿಂಡಿಯಿಂದ ನೀರು ಬಂದಾಗ ಪ್ರತಿ ಬೇಸಿಗೆ ನಾವು ಮಗ್ಗದ ಮೇಲೆ ಕಟ್ಟುತ್ತಿದ್ದದ್ದು ಅದೇ ತಾಡಪತ್ರಿ. ನೇಕಾರರ ಮನೆಯಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಗಾದಿಯನ್ನು ನೆನೆಸಿಕೊಂಡು ಹಾಸನ್ನು ಮರೆತಿದ್ದೆವು.

ಸಂಜೆ ಗಾಳಿ ಎದ್ದಿತು. ಮೊದಲು ಎದುರಿನ ಬೇವಿನ ಗಿಡ ಒಂದೇ ಕಡೆಗೆ ವಾಲಿತು. ಓಣಿಯಲ್ಲಿ ಯಾರದೋ ಬಟ್ಟೆ ಹಾರಿತು. ಬಾಗಿಲು ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ತಲೆಯ ಮೇಲೆ ದಡದಡ ಸಪ್ಪಳವಾಯಿತು. ಮೋಡ ಕಂಡು ಬೆಳಕಿಂಡಿಗೆ ಮುಚ್ಚಿ ಕಲ್ಲು ಹೇರಿಟ್ಟಿದ್ದ ಪತ್ರಾಸು ಮಾಳಿಗೆಯುದ್ದಕ್ಕೂ ಉರುಳಿ ಹೋಗಿ ಕೆಳಗೆಲ್ಲೋ ಬಿತ್ತು. ಕೋಣೆಗೆ ಒಮ್ಮೆಲೇ ಹಸಿರುಗಪ್ಪು ಬೆಳಕು ಬಂತು. ಅದರ ಹಿಂದೆ ನೀರು, ನೀರಿನೊಂದಿಗೆ ಆಣಿಕಲ್ಲು.

“ತಾಡಪತ್ರಿ!” ಅಪ್ಪ ಕೂಗಿದ.

ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಮುಖ ನೋಡಿಯೇ ಅಪ್ಪನಿಗೆ ತಿಳಿಯಿತು. ಹಾಸಿನ ಮೇಲೆ ಬಾಗಿ, ಎರಡೂ ಕೈ ಅಗಲಿಸಿ, ಬೆನ್ನು ಕೊಟ್ಟು ನಿಂತುಬಿಟ್ಟ. ಕಲ್ಲುಗಳು ಅವನ ಬನಿಯನ್ನಿನ ಮೇಲೆ ಬಿದ್ದು ಪುಟಿಯುತ್ತಿದ್ದವು. ಅವ್ವ ಹೊದೆಯುವ ಕೌದಿ ತಂದಳು. ಆಕೆ ಆ ಕಡೆ, ನಾನು ಈ ಕಡೆ, ಕೈ ಮೇಲೆತ್ತಿ ಚಪ್ಪರದಂತೆ ಹಿಡಿದೆವು. ಹಳೆಯ ಸೀರೆಗಳ ಕೌದಿ ನೀರು ಕುಡಿದು ಕುಡಿದು ಭಾರವಾಯಿತು, ನಡುವೆ ಜೋತುಬಿತ್ತು, ಆ ನಡುವಿನಿಂದಲೇ ಸೋರತೊಡಗಿತು.

ಬಾಜೂ ಮನೆಯ ಅಕ್ಕ ಗೊಬ್ಬರದ ಖಾಲಿ ಚೀಲಗಳನ್ನು ತಲೆಯ ಮೇಲೆ ಹೊತ್ತುಕೊಂಡು ಓಡಿಬಂದಳು. ಅವರ ಅಂಗಳದಲ್ಲಿ ನಮ್ಮ ಪತ್ರಾಸು ಬಿದ್ದಿತ್ತಂತೆ.

“ಅಯ್ಯ ನಮ್ಮವ್ವಾ, ಇಬ್ರೂ ಪಲ್ಲಕ್ಕಿ ಹೊತ್ತಂಗ ನಿಂತೀರಲ್ಲ! ತಾಡಪತ್ರಿ ಎಲ್ಲೈತಿ?”

“ಜಮಖಂಡಿಗೆ ಹೋಗೇತಿ” ಅವ್ವ ಅಂದಳು.

“ನಿಮಗಿಂತ ಮೊದಲ ಅದಕ್ಕ ಅವಸರ ಆಗಿತ್ತೇನ?” ಎನ್ನುತ್ತಲೇ ಆಕೆ ಚೀಲಗಳನ್ನು ಒಂದರ ಪಕ್ಕ ಒಂದು ಹೊದಿಸಿದಳು. ನಗು ಬರಲಿಲ್ಲ. ಆದರೆ ಕೈ ಇಳಿಸಲು ಸಾಧ್ಯವಾಯಿತು.

ಮಳೆ ಬಂದಷ್ಟೇ ಬೇಗ ಹೋಯಿತು. ಚೀಲ ತೆಗೆದು ನೋಡಿದರೆ ನೇಯ್ದ ಭಾಗಕ್ಕೆ ಏನೂ ಆಗಿರಲಿಲ್ಲ. ಮುಂದಿನ ಹಾಸು ನಡುವೆ ಒಂದಷ್ಟಗಲ ತೊಯ್ದಿತ್ತು. ಎಳೆ ಗಟ್ಟಿಯಾಗಲೆಂದು ಹಾಕಿದ ಗಂಜಿ ನೆನೆದು, ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೇ ಒಣಗಿದರೆ ಹಪ್ಪಳದಂತಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ಹಸಿ ಇದ್ದಾಗಲೇ ಬಿಡಿಸಬೇಕು. ಕರೆಂಟು ಇರಲಿಲ್ಲ. ಅವ್ವ ಹಚ್ಚಿದ ದೀಪದ ಬೆಳಕಿನಲ್ಲಿ ಅಪ್ಪ ಬೆರಳುಗಳಿಂದ ಎಳೆ ಬಿಡಿಸುತ್ತಾ ಹೋದ, ನಾವಿಬ್ಬರೂ ಊಟದ ತಾಟು ಹಿಡಿದು ಗಾಳಿ ಹಾಕಿದೆವು. ಅಷ್ಟರಲ್ಲಿ ಸೀರೆ ಇಳಿದಿರುತ್ತದೆಂದು ನಂಬಿ, ನಾಳೆ ಎರಡನೆಯ ಖೇಪು ಎಂದು ಡ್ರೈವರ್‌ಗೆ ಹೇಳಿಟ್ಟದ್ದು ನೆನಪಿದ್ದರೂ ಬಾಯಿ ಬಿಡಲು ನನಗೆ ಧೈರ್ಯವಿರಲಿಲ್ಲ.

ಕೊನೆಯ ಎಳೆಯನ್ನೂ ಬಿಡಿಸಿ ಅಪ್ಪ ನೆಟ್ಟಗಾದ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ, ಬಾಚಣಿಕೆಯಂಥ ಹಣಿಗೆಯನ್ನು ಮುಟ್ಟಿ ಹೇಳಿದ: “ಇದು ಒಮ್ಮೆನೂ ಖಾಲಿ ಆಗಿಲ್ಲ, ಗೊತ್ತೇನ ಯವ್ವಾ?”

ನನಗೆ ಗೊತ್ತಿರಲಿಲ್ಲ. ಒಂದು ಹಾಸು ಮುಗಿದಾಗ ಅದರ ತುದಿಯ ಎಳೆಗಳನ್ನು ಗೇಣುದ್ದ ಹಣಿಗೆಯಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಕೆಚ್ಚಿ, ಹೊಸೆದು ಕೂಡಿಸಿ, ಮುಂದೆಳೆಯುತ್ತಾರೆ. ಚಿಕ್ಕಂದಿನಿಂದ ನೋಡಿದ್ದೆ, ಆದರೆ ಅದರ ಅರ್ಥ ಹೀಗೆಂದು ಯೋಚಿಸಿರಲಿಲ್ಲ. ಅಪ್ಪನ ಮೊದಲ ಹಾಸನ್ನು ಅಜ್ಜನ ಕೊನೆಯ ಹಾಸಿನ ತುದಿಗೇ ಕೆಚ್ಚಿದ್ದರು.

“ಇದು ಮುಗದ ಮ್ಯಾಲ?” ಕೇಳಿದೆ.

“ಇನ್ನೇನ? ಕತ್ತರಸೂದು.” ಅಪ್ಪ ಹಗುರಾಗಿ ಅಂದು, ಕೈ ತೊಳೆಯಲು ಎದ್ದು ಹೋದ.

ಅವನು ಹಿತ್ತಲಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಅವ್ವ ತಾಟು ಬೀಸುವುದನ್ನು ನಿಲ್ಲಿಸಿದಳು.

“ನಿನಗ ಇನ್ನೂ ತಿಳದಿಲ್ಲ ಹೌದಿಲ್ಲೋ? ಬಿಸಲಿಗೆ ಎಳಿ ಹರಿತಾವ, ಖರೆ. ಆದ್ರ ಒಂದ ಸೀರಿಗೆ ಇಷ್ಟ ದಿನಾ ಹಿಡೀತದೇನ? ನೀ ಕಾಲೇಜಿಗೆ ಹೋದ ಮ್ಯಾಲ ಸುಮ್ನ ಕೂತಿರ್ತಾರ. ಲಾಳಿ ಕೈಯಾಗ ಹಿಡಕೊಂಡು ಸುಮ್ನ.”

“ಯಾಕ ಹೇಳಲಿಲ್ಲ ನನಗ?”

“ಏನಂತ ಹೇಳೂದು? ನೀ ಮನಿ ಹುಡುಕಿ, ಟೆಂಪೋ ಗೊತ್ತ ಮಾಡಿ, ಎಲ್ಲಾ ಬರದಿಟ್ಟಂಗ ಮಾಡಾಕತ್ತೀದಿ. ನಡುವ ಇದೊಂದ ಎಲ್ಲಿ ಹೇಳೂದು ಅಂತ ಅವ್ರೂ ಸುಮ್ನಾದ್ರು.”

ನಾನು ಇಷ್ಟು ದಿನ ಹೆದರಿದ್ದು ಮಳೆಗೆ, ಮಿರಗಕ್ಕೆ, ಮಾಲೀಕರ ಮಕ್ಕಳಿಗೆ. ಅಪ್ಪ ಹೆದರುತ್ತಿದ್ದದ್ದು ಆ ಕೊನೆಯ ಸೀರೆ ಮುಗಿಯುವುದಕ್ಕೆ. ಹಾಸನ್ನು ಅರ್ಧಕ್ಕೆ ಬಿಡುವಂತಿಲ್ಲ, ಮುಗಿಸಿದರೆ ಮಗ್ಗವಿಲ್ಲ. ನಾನು ಗೊತ್ತುಮಾಡಿದ ಮನೆಯ ನೆಲಕ್ಕೆಲ್ಲ ಫರಸಿ. ಅಪ್ಪ ಮರಳಿ ಬಂದಾಗ ನಾನು ಹಾಸಿನ ಮೇಲೆ ಗಾಳಿ ಹಾಕುತ್ತಿದ್ದೆ, ಬೇಕಾದದ್ದಕ್ಕಿಂತ ಜೋರಾಗಿ.

“ಮೆಲ್ಲಕ, ಮೆಲ್ಲಕ. ಗಿರಣಿ ಅಲ್ಲ ಅದು” ಅಂದ.

ಮರುದಿನ ಬೆಳಗ್ಗೆ ಬೇಗ ಎದ್ದೆ. ಅಪ್ಪ ಇನ್ನೂ ಮಲಗಿದ್ದ. ಹಾಸು ಒಣಗಿತ್ತು, ಎಳೆಗಳು ಬಿಡಿಬಿಡಿಯಾಗಿದ್ದವು. ಬೆಳಕಿಂಡಿಯಿಂದ ತೊಳೆದಂಥ ಆಕಾಶ ಕಾಣುತ್ತಿತ್ತು. ನೂಲು ಸುತ್ತಿದ ಕಂಡಿಕೆಯಿಂದ ಒಂದಷ್ಟು ದಾರ ಬಿಚ್ಚಿ, ಮಗ್ಗದ ಈ ತುದಿಯಿಂದ ಆ ತುದಿಯವರೆಗೆ ಹಿಡಿದು ಗಂಟು ಹಾಕಿದೆ. ಇನ್ನೊಂದು ದಾರದಲ್ಲಿ ತಗ್ಗಿನ ಅಗಲ, ಆಳ. ಅವ್ವ ಚಹಾ ಕುದಿಸುತ್ತಾ ನೋಡಿದಳು. ಡ್ರೈವರ್‌ಗೆ ಫೋನ್ ಮಾಡಿ ಇವತ್ತು ಬೇಡ ಎಂದೆ. “ಮತ್ತ ಯಾವಾಗ್ರಿ?” ಎಂದ. ಸೀರೆ ಮುಗಿದ ಮೇಲೆ ಎಂದೆ. “ಸೀರಿಗೂ ಟೆಂಪೋಕ್ಕೂ ಏನ ಸಂಬಂಧರಿ ಅಕ್ಕಾರ?” ಎಂದು ಕೇಳಿದ. ಫೋನ್ ಇಟ್ಟು ಜಮಖಂಡಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ರಸ್ತೆಯ ಮೇಲೆ ಬೇವಿನ ಟೊಂಗೆ ಬಿದ್ದಿದ್ದವು. ಕೇಳಬೇಕಾದ ಮಾತನ್ನು ನಾನು ಮನಸ್ಸಿನಲ್ಲೇ ಬೇರೆಬೇರೆ ರೀತಿಯಲ್ಲಿ ಹೇಳಿಕೊಂಡೆ. ಒಂದೂ ಸರಿಹೋಗಲಿಲ್ಲ.

ಮನೆಯೊಡತಿ ಅಂಗಳ ಗುಡಿಸುತ್ತಿದ್ದಳು.

“ಹಿತ್ತಲ ಕೊಟ್ಟಿಗ್ಯಾಗ ಒಂದ ತಗ್ಗ ತೋಡಬೇಕಾಗೇತ್ರಿ” ಎಂದುಬಿಟ್ಟೆ.

ಆಕೆ ಕಸಬರಿಗೆ ಹಿಡಿದು ನೆಟ್ಟಗಾದಳು. “ಮೊಳಿ ಕೇಳಾಕ ಬಂದೀ ಅಂತ ತಿಳದ್ನಿ. ತಗ್ಗ? ಎದಕ್ಕವಾ?”

“ನಮ್ಮ ಅಪ್ಪನ ಮಗ್ಗಕ್ಕರಿ.”

ಆಕೆ ನನ್ನ ಕೈಯಲ್ಲಿದ್ದ ದಾರವನ್ನು ನೋಡಿದಳು, ನನ್ನನ್ನೂ ನೋಡಿದಳು. “ಮೊದ್ಲ ಹೇಳೂದಲ್ಲೇನ ಹುಚ್ಚಿ? ಆ ಬಾಗಲ ಕಡೆ ಬ್ಯಾಡ, ಮಳಿಗಾಲದಾಗ ನೀರ ನಿಲ್ತಾವ. ಒಳಗಿನ ಗ್ವಾಡಿ ಕಡೆ ತೋಡ್ರಿ. ಮನಿ ಬಿಡುವಾಗ ಮುಚ್ಚಿ ಹೋಗಬೇಕ ಮತ್ತ, ಈಗ ಹೇಳೇನಿ.”

ತಲೆಯಾಡಿಸಿದೆ. ಕೊಟ್ಟಿಗೆಯೊಳಗೆ ಹೋಗಿ, ಒಳಗಿನ ಗೋಡೆಯ ಪಕ್ಕ ಒಂದು ಇಟ್ಟಿಗೆಯ ಕೆಳಗೆ ದಾರದ ತುದಿ ಸಿಕ್ಕಿಸಿ, ನೆಲದ ಮೇಲೆ ಎಳೆದುಕೊಂಡು ಹೋದೆ. ಗೋಡೆ ಮುಗಿಯುವ ಮೊದಲೇ ಗಂಟು ಬಂತು. ಅಲ್ಲಿ ಇನ್ನೊಂದು ಇಟ್ಟಿಗೆ ಇಟ್ಟೆ. ಆಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತದೆಂದು ನೋಡಲು, ಅಪ್ಪ ಕೂರಬೇಕಾದ ಜಾಗದಲ್ಲಿ ಕೂತೆ.