ಎರಡು ಸೀಸೆ, ಒಬ್ಬ ಮಾವ

ನಮ್ಮ ಮಾವನವರು ಬದುಕಿರೋವರೆಗೂ ಕ್ಯಾಮೆರಾ ಮುಂದೆ ನಿಂತವರಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತೆ ಅಂತ ನಂಬಿದ್ದರು, ತೆಗೆಸದೆಯೂ ಹೋದರು. ವರ್ಷ ತುಂಬುವ ಹೊತ್ತಿಗೆ ಅತ್ತೆಗೆ ಗಂಡನ ಮುಖ ಎಲ್ಲಿ ಮರೆತುಹೋಗುತ್ತೋ ಅನ್ನೋ ಭಯ ಹಿಡಿಯಿತು. ಮೈಸೂರಲ್ಲಿ ಚಿತ್ರ ಬರೆಯೋದು ಕಲಿತು ತಾಳವಾಡಿಗೆ ಸೊಸೆಯಾಗಿ ಬಂದವಳು ನಾನು. ನೀನೇ ಬರಿ, ನೋಡಿದೇಟಿಗೆ ಅವರೇ ಅನ್ನಿಸಬೇಕು ಅಂದರು ಅತ್ತೆ.

ಅದು ಎಂಬತ್ತರ ದಶಕ. ನಮಗೆ ಅಕ್ರಿಲಿಕ್ ಬಣ್ಣ ಇನ್ನೂ ಹೊಸದು. ನನ್ನ ತಮ್ಮ ಮೈಸೂರಿಂದ ಬಣ್ಣದ ಜೊತೆ ಎರಡು ಸೀಸೆ ಮೀಡಿಯಂ ಅನ್ನೋ ದ್ರವ ತಂದುಕೊಟ್ಟಿದ್ದ. ಬಣ್ಣಕ್ಕೆ ಬೆರೆಸಿದರೂ ಆಯ್ತು, ಒಣಗಿದ ಮೇಲೆ ಬಳಿದರೂ ಆಯ್ತು. ಒಂದು ಹೊಳಪು ಕೊಡೋದು, ಇನ್ನೊಂದು ಮಂಕು ಮಾಡೋದು. ಮಾವನ ಚಿತ್ರ ಬರೆದು ಮುಗಿಸಿ, ಮೇಲೆ ನಾನು ಧಾರಾಳವಾಗಿ ಹೊಳಪಿನದನ್ನೇ ಬಳಿದೆ.

ಅತ್ತೆ ಅದನ್ನು ನೋಡಿ, ಹಣೆ ಮೇಲಿನ ವಿಭೂತಿ ಬೆವೆತ ಹಂಗದೆ; ಮುಖ ಒರೆಸದೆ ಪೂಜೆಗೆ ಕೂರೋ ಮನುಷ್ಯನಲ್ಲ ಅವರು ಅಂದರು. ಸಾಲದ್ದಕ್ಕೆ ಕಿಟಕಿಯ ಬೆಳಕು ಬಿದ್ದು ಮೂಗೇ ಮಾಯ. ನಂಗೆ ರೇಗಿತು. ತಗೋ ಅಂತ ಮಂಕಿನ ಸೀಸೆ ಬಿಚ್ಚಿ ಮುಖದ ತುಂಬ ಬಳಿದೆ. ವಿಭೂತಿ ಚೆನ್ನಾಗಿ ಒಣಗಿ ಕೂತಿತು, ಜೊತೆಗೆ ಮಾವನೂ ಒಣಗಿಹೋದರು. ಇದು ಅವರಲ್ಲ, ಸುಣ್ಣ ಕಾಣದ ಗೋಡೆ ಅಂದರು ಅತ್ತೆ. ಆದರೂ ಪಡಸಾಲೆಯಲ್ಲಿ ನೇತುಹಾಕಿಸಿ, ಬಂದವರಿಗೆಲ್ಲ ಸೊಸೆ ಕಲಿತದ್ದು ದಂಡ ಅಂತ ತಿಂಗಳುಗಟ್ಟಲೆ ಹೇಳಿದ್ದೇ ಹೇಳಿದ್ದು.

ಅತ್ತೆ ಘಾಟಿ ಇಳಿದು ಸತ್ಯಮಂಗಲದ ನೆಂಟರ ಮನೆಗೆ ಹೋದದ್ದೇ ತಡ, ಚಿತ್ರ ಕೆಳಗಿಳಿಸಿದೆ. ವಿಭೂತಿ ಮುಟ್ಟಲಿಲ್ಲ. ಎರಡೂ ಸೀಸೆಯದನ್ನು ಸಮಸಮ ಬೆರೆಸಿ ಕೆನ್ನೆಗೆ ತೆಳ್ಳಗೆ ಎಳೆದೆ. ಕಣ್ಣುಗುಡ್ಡೆಗೆ ಮಾತ್ರ ಬರೀ ಹೊಳಪು. ಒಣಗಿದ ಮೇಲೆ ನೋಡಿದವಳೇ ಸೆರಗು ಸರಿಮಾಡಿಕೊಂಡೆ; ಆಮೇಲೆ ಚಿತ್ರವನ್ನು ಇದ್ದಲ್ಲೇ ನೇತುಹಾಕಿದೆ.

ವಾಪಸು ಬಂದ ಅತ್ತೆ ಪಡಸಾಲೆಯಲ್ಲಿ ಎದುರಿನ ಗೋಡೆಗೊರಗಿ, ಕಾಲು ನೀಡಿಕೊಂಡು ಎಲೆಯಡಿಕೆ ಬಿಚ್ಚಿದರು. ತಲೆ ಎತ್ತಿದವರೇ ಕಾಲು ಮಡಚಿ ಎದ್ದು ನಿಂತರು. ಮಾವ ಇದ್ದಷ್ಟು ದಿನ ಅವರೆದುರು ಅತ್ತೆ ಕೂತದ್ದನ್ನು ನಾನು ಕಂಡವಳಲ್ಲ. "ಅವ್ರೇ ಕಣಮ್ಮಿ" ಅಂತ ಕಣ್ಣೊರೆಸಿಕೊಂಡರು. ಗೆದ್ದೆ ಅಂತ ನಾನು ಬೀಗಿದೆ.

ಆಮೇಲೆ ನಾಲ್ಕು ದಿನ ಅತ್ತೆ ಪಡಸಾಲೆ ಕಡೆ ಸುಳಿಯಲಿಲ್ಲ, ಅಡಿಗೆಮನೆಯಲ್ಲೇ ಇದ್ದರು. ಐದನೇ ದಿನ ಮಂಕಿನ ಸೀಸೆ ತಾವೇ ಹುಡುಕಿ ತಂದು ನನ್ನ ಕೈಗಿಟ್ಟರು.

"ಆ ಕಣ್ಗೆ ಒಸಿ ಇದ ಬಳುದ್ಬುಡು ಕಣಮ್ಮಿ. ನಾನು ಕಾಲು ನೀಡ್ಕಂಡು ಕೂರ್ಬೇಕು."